ಆಲೆಮನೆ, ನೀಲಗಾರರು, ಜೇನುಕುರುಬರು: ಈ ಸಲದ ವಿಷಯ ಶೀರ್ಷಿಕೆಗಳ ಕರಡಿಗೆ ನಿಮ್ಮ ಅಭಿಪ್ರಾಯ ಬೇಕು

ಕಬ್ಬಿನಗದ್ದೆ (ಮಂಡ್ಯ, ಕಾಲೇಜು ಗ್ರಂಥಾಲಯ)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಕೌಂಟರ್‌ಗೆ ಎರಡನೇ ವರ್ಷದ ಬಿ.ಎ. ಹುಡುಗಿ ಬಂದಳು. "ಮೇಡಂ, ಆಲೆಮನೆ ಮೇಲೆ ಏನಾದ್ರೂ ಬುಕ್ ಐತಾ? ಪ್ರಾಜೆಕ್ಟ್ ಬರೀಬೇಕು" ಅಂದಳು. ಅವಳೇ ಕಂಪ್ಯೂಟರಿನಲ್ಲಿ ಹುಡುಕಿದ್ದಳಂತೆ, ಏನೂ ಬರಲಿಲ್ಲವಂತೆ. ನಾನೂ ಟೈಪ್ ಮಾಡಿ ನೋಡಿದೆ. ಸೊನ್ನೆ. ಮಂಡ್ಯದ ಕಾಲೇಜಿನಲ್ಲಿ ಆಲೆಮನೆ ಅಂತ ಹುಡುಕಿದರೆ ಸೊನ್ನೆ ಬರುತ್ತದೆ ಅಂದರೆ ಹೇಗೆ? ನನಗೆ ನಿಜವಾಗಿಯೂ ಸಂಕಟವಾಯಿತು.

ಅವಳನ್ನು ಕೂರಿಸಿ ಕಪಾಟಿನ ಹತ್ತಿರ ಹೋದೆ. 664.1ರ ಸಾಲಿನಲ್ಲಿ, ಅಂದರೆ ಸಕ್ಕರೆ ಬೆಲ್ಲದ ಜಾಗದಲ್ಲಿ, ಎರಡು ಪುಸ್ತಕ ಸಿಕ್ಕವು. 633.61ರಲ್ಲಿ ಕಬ್ಬಿನ ಬೇಸಾಯದ ಜೊತೆ ಒಂದು. 398ರ ಜನಪದದ ಸಾಲಿನಲ್ಲಿ ಇನ್ನೊಂದು. ಅದರಲ್ಲಿ ಗಾಣ ಆಡುವಾಗ ಹಾಡುವ ಪದಗಳ ಬಗ್ಗೆಯೇ ಒಂದು ಅಧ್ಯಾಯ ಇದೆ. ನಾಲ್ಕೂ ಪುಸ್ತಕ ನಮ್ಮಲ್ಲೇ ಇದ್ದವು, ಅವಳು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ. ಅವಕ್ಕೆ ಕ್ಯಾಟಲಾಗಿನಲ್ಲಿ ಕೊಟ್ಟಿದ್ದ ವಿಷಯ ಶೀರ್ಷಿಕೆಗಳು, ಅಂದರೆ ಪುಸ್ತಕ ಯಾವುದರ ಬಗ್ಗೆ ಅಂತ ಹೇಳುವ ಪದಗಳು ಮಾತ್ರ "ಸಕ್ಕರೆ ಉದ್ಯಮ", "ಶರ್ಕರ ತಂತ್ರಜ್ಞಾನ", "ಕಬ್ಬು", "ಜನಪದ ಸಾಹಿತ್ಯ". ಶರ್ಕರ ತಂತ್ರಜ್ಞಾನ ಅಂತ ಯಾವ ಹುಡುಗಿ ಹುಡುಕುತ್ತಾಳೆ ಹೇಳಿ.

ಅದಕ್ಕೇ ಈ ಸಲದ ಕರಡು ಪಟ್ಟಿಯಲ್ಲಿ "ಆಲೆಮನೆಗಳು" ಅನ್ನುವ ಹೊಸ ಶೀರ್ಷಿಕೆಯನ್ನು ನಾನೇ ಪ್ರಸ್ತಾಪಿಸಿದ್ದೇನೆ. ಇನ್ನೆರಡು ಬೇರೆಯವರು ಕಳಿಸಿದ್ದು: ಮಂಟೇಸ್ವಾಮಿ ಅನ್ನುವ ಸಂತರ ಕಾವ್ಯ ಹಾಡುವ ಒಕ್ಕಲಾದ "ನೀಲಗಾರರು", ಮತ್ತು ಈಗ ಬರೀ "ಗಿರಿಜನರು" ಅಂತ ಇರುವ ಪುಸ್ತಕಗಳಿಗೆ "ಜೇನುಕುರುಬರು".

ಹೊಸಬರಿಗೆ ಒಂದು ಮಾತು. ಮೈಸೂರು ಮಂಡ್ಯದ ನಾವು ಕೆಲವು ಗ್ರಂಥಪಾಲಕರು ಸೇರಿ ಒಂದು ಕನ್ನಡ ಶೀರ್ಷಿಕೆ ಪಟ್ಟಿ ಇಟ್ಟುಕೊಂಡಿದ್ದೇವೆ. ಯಾರು ಬೇಕಾದರೂ ಹೊಸ ಶೀರ್ಷಿಕೆ ಕೇಳಬಹುದು. ಎರಡು ವಾರ ಅದು ಕರಡಿನಲ್ಲಿ ಇರುತ್ತದೆ. ಆಗ ಎಲ್ಲರೂ ಅಭಿಪ್ರಾಯ ಬರೆಯುತ್ತಾರೆ, ಆಮೇಲೆ ತೀರ್ಮಾನ. ಇದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಕಲಿತ ಪದ್ಧತಿ. ಅಲ್ಲಿನ ಶೀರ್ಷಿಕೆ ಪಟ್ಟಿ 1898ರಲ್ಲಿ ಶುರುವಾಯಿತು. ಈಗ ಅವರು ಹೊಸ ಪ್ರಸ್ತಾವಗಳನ್ನೆಲ್ಲ ಮೊದಲು ತಾತ್ಕಾಲಿಕ ಪಟ್ಟಿಯಾಗಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತಾರೆ. ಯಾರು ಬೇಕಾದರೂ ಬರೆದು ಕಳಿಸಬಹುದು. ಸಂಪಾದಕರ ಸಭೆಯಲ್ಲಿ ಒಂದೊಂದನ್ನೂ ನೋಡಿ ಒಪ್ಪುತ್ತಾರೆ, ತಿದ್ದಿ ಕಳಿಸಿ ಅನ್ನುತ್ತಾರೆ, ಇಲ್ಲ ಬೇಡ ಅನ್ನುತ್ತಾರೆ. ಬೇಡ ಅಂದದ್ದಕ್ಕೆ ಕಾರಣವನ್ನೂ ಪ್ರಕಟಿಸುತ್ತಾರೆ. ನನಗೆ ತುಂಬಾ ಇಷ್ಟವಾದ ಭಾಗ ಅದೇ.

ದಯವಿಟ್ಟು ಮೂರಕ್ಕೂ ಬರೆಯಿರಿ.

---

ಗಂಗೋತ್ರಿ (ಮೈಸೂರು, ಕ್ಯಾಟಲಾಗಿಂಗ್)

ಮೂರೂ ಒಳ್ಳೆಯ ಪ್ರಸ್ತಾವಗಳು. ಆದರೆ ಮೊದಲೇ ಒಂದು ವಿನಂತಿ. ಹೋದ ಸಲ ಬಂದ ಅಭಿಪ್ರಾಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಚೆನ್ನಾಗಿದೆ", "ಒಪ್ಪಿಗೆ", "ಬೇಡ ಅನಿಸುತ್ತದೆ" ಅಂತ ಇದ್ದವು. ಅದರಿಂದ ಕೆಲಸ ಮುಂದೆ ಹೋಗುವುದಿಲ್ಲ. ಚೆನ್ನಾಗಿದೆ ಅಂದರೆ ಯಾವ ಪುಸ್ತಕ ನೋಡಿ ಹೇಳಿದಿರಿ? ಬೇಡ ಅಂದರೆ ಅದರ ಬದಲು ಪಟ್ಟಿಯಲ್ಲಿ ಈಗಾಗಲೇ ಯಾವ ಪದ ಇದೆ?

ಶೀರ್ಷಿಕೆ ಹುಟ್ಟಬೇಕಾದ್ದು ಕೈಯಲ್ಲಿರುವ ಪುಸ್ತಕದಿಂದ. ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಮೊದಲು ಕೇಳುವುದು ಅದನ್ನೇ. ಯಾವ ಪುಸ್ತಕವನ್ನು ಕ್ಯಾಟಲಾಗ್ ಮಾಡುವಾಗ ಈ ಪದ ಬೇಕಾಯಿತು? ಆ ಪುಸ್ತಕದಲ್ಲಿ ಪದ ಎಲ್ಲಿದೆ, ಯಾವ ಪುಟ? ಅದನ್ನು ಅಥಾರಿಟಿ ದಾಖಲೆಯ, ಅಂದರೆ ಶೀರ್ಷಿಕೆಯ ವಿವರ ಬರೆದಿಡುವ ದಾಖಲೆಯ, 670 ಅನ್ನುವ ಜಾಗದಲ್ಲಿ ಬರೆಯಬೇಕು. ಆಮೇಲೆ ನಿಘಂಟು, ವಿಶ್ವಕೋಶ, ಗೆಜೆಟಿಯರ್ ನೋಡಿ ಅದನ್ನೂ ಬರೆಯಬೇಕು. 150ರಲ್ಲಿ ಶೀರ್ಷಿಕೆ, 450ರಲ್ಲಿ ಅದಕ್ಕೆ ಜನ ಬಳಸುವ ಬೇರೆ ಹೆಸರುಗಳು, 550ರಲ್ಲಿ ಅದಕ್ಕಿಂತ ದೊಡ್ಡ ವಿಷಯ ಮತ್ತು ಹತ್ತಿರದ ವಿಷಯ.

ನೀವು ಅಭಿಪ್ರಾಯ ಕೊಡುವಾಗ ಈ ನಾಲ್ಕು ಜಾಗಗಳಲ್ಲಿ ಯಾವುದರ ಬಗ್ಗೆ ಮಾತಾಡುತ್ತಿದ್ದೀರಿ ಅಂತ ಹೇಳಿದರೆ ಸಾಕು, ಅರ್ಧ ಗೊಂದಲ ಹೋಗುತ್ತದೆ. ಎಷ್ಟೋ ಸಲ ಜಗಳ 150ರ ಮೇಲೆ ನಡೆಯುತ್ತದೆ, ಪರಿಹಾರ 450ರಲ್ಲಿ ಇರುತ್ತದೆ. ನಿಮ್ಮ ಪದ ಶೀರ್ಷಿಕೆಯಾಗದೆ ಇದ್ದರೂ "ನೋಡಿ" ಸೂಚನೆಯಾಗಿ ಉಳಿದರೆ ಓದುಗರಿಗೆ ಪುಸ್ತಕ ಸಿಕ್ಕೇ ಸಿಗುತ್ತದೆ.

---

ಹೊಸಹೆಜ್ಜೆ (ಮೈಸೂರು, ಗ್ರಂಥಾಲಯ ವಿಜ್ಞಾನ ವಿದ್ಯಾರ್ಥಿ)

ಒಂದು ಪ್ರಶ್ನೆ ಕೇಳಬಹುದಾ? ಈಗ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರಿನಲ್ಲಿ ಯಾವ ಪದ ಹಾಕಿದರೂ ಹುಡುಕುತ್ತದೆ. ಪುಸ್ತಕದ ಹೆಸರಲ್ಲಿ ಇದ್ದರೆ ಬಂದೇ ಬರುತ್ತದೆ. ಹಾಗಿದ್ದ ಮೇಲೆ ಒಂದೊಂದು ಪದಕ್ಕೆ ಎರಡು ವಾರ ಚರ್ಚೆ ಮಾಡುವುದು ಯಾಕೆ? ಕ್ಲಾಸಿನಲ್ಲಿ ಕೇಳಿದರೆ "ಅದು ನಿಯಮ" ಅಂದರು, ಸಮಾಧಾನ ಆಗಲಿಲ್ಲ.

---

ಗಂಗೋತ್ರಿ

ಕೇಳಿದ್ದು ಒಳ್ಳೆಯದಾಯಿತು. ಒಂದು ಪ್ರಯೋಗ ಮಾಡಿ. ನಿಮ್ಮ ಲೈಬ್ರರಿಯಲ್ಲಿ "ಮಂಟೇಸ್ವಾಮಿ" ಅಂತ ಹುಡುಕಿ. ಎಷ್ಟು ಬಂತು ಬರೆದುಕೊಳ್ಳಿ. ಆಮೇಲೆ "ಮಂಟೇದಸ್ವಾಮಿ" ಅಂತ, ಆಮೇಲೆ ನಡುವೆ ಜಾಗ ಬಿಟ್ಟು "ಮಂಟೇದ ಸ್ವಾಮಿ" ಅಂತ. ಆಮೇಲೆ "ಮಂಟೇದಲಿಂಗಯ್ಯ". ಕೊನೆಗೆ "ಧರೆಗೆ ದೊಡ್ಡವರು". ಐದೂ ಒಬ್ಬರೇ. ನನಗೆ ಐದು ಸಲವೂ ಬೇರೆ ಬೇರೆ ಪುಸ್ತಕ ಬಂದವು. ಒಂದು ಸಂಶೋಧನಾ ಗ್ರಂಥದ ಹೆಸರಿನಲ್ಲಂತೂ ಇವು ಯಾವುವೂ ಇಲ್ಲ, ಬರೀ "ದಕ್ಷಿಣ ಕರ್ನಾಟಕದ ಮೌಖಿಕ ಕಾವ್ಯ" ಅನ್ನುವ ಅರ್ಥದ ಹೆಸರು. ಒಳಗೆ ನೋಡಿದರೆ ಮುಕ್ಕಾಲು ಪಾಲು ಮಂಟೇಸ್ವಾಮಿಯೇ.

ಇನ್ನು ಕನ್ನಡದ್ದೇ ಆದ ಒಂದು ತೊಂದರೆ ಇದೆ. "ಸೂರ್ಯ" ಅಂತ ಬರೆಯುವಾಗ ಕೆಲವರು ಅರ್ಕಾವತ್ತು ಹಾಕುತ್ತಾರೆ, ಕೆಲವರು "ಸೂರ‍್ಯ" ಅಂತ ರಕಾರಕ್ಕೆ ಒತ್ತು ಕೊಡುತ್ತಾರೆ. ಕಣ್ಣಿಗೆ ಎರಡೂ ಒಂದೇ ಪದ. ಕಂಪ್ಯೂಟರಿಗೆ ಎರಡರ ನಡುವೆ ಕಾಣದ ಒಂದು ಅಕ್ಷರದ ವ್ಯತ್ಯಾಸ ಇದೆ. ಹಳೆಯ ದಾಖಲೆಗಳನ್ನು ಬೇರೆ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದಾಗ ಇಂಥವು ರಾಶಿ ರಾಶಿ ಸೇರಿಕೊಂಡಿವೆ. ಶೀರ್ಷಿಕೆ ಒಂದು ಕಡೆ ಸರಿಯಾಗಿದ್ದರೆ ಎಲ್ಲ ಪುಸ್ತಕಗಳೂ ಅದರ ಕೆಳಗೆ ಬಂದು ಸೇರುತ್ತವೆ. ಎರಡು ವಾರದ ಚರ್ಚೆ ಅದಕ್ಕೆ.

---

ಕಾರ್ಡ್‌ಪೆಟ್ಟಿಗೆ (ಸರಸ್ವತಿಪುರಂ, ನಿವೃತ್ತ)

ಈ ಹುಡುಗರು ಇಂಥ ಪ್ರಶ್ನೆ ಕೇಳುವುದನ್ನು ನೋಡಿದರೆ ಸಂತೋಷವಾಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಕಾರ್ಡು. ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಅಗಲ. ಒಂದು ಪುಸ್ತಕಕ್ಕೆ ಮೂರು ಶೀರ್ಷಿಕೆ ಕೊಟ್ಟರೆ ಮೂರು ಕಾರ್ಡು ಹೆಚ್ಚಿಗೆ ಬರೆಯಬೇಕು, ಮೂರು ಕಡೆ ಸೇರಿಸಬೇಕು. ಆಮೇಲೆ ಶೀರ್ಷಿಕೆ ಬದಲಾಯಿತು ಅಂದರೆ ಡ್ರಾಯರಿನ ಸರಳು ಎಳೆದು, ಅಷ್ಟೂ ಕಾರ್ಡು ತೆಗೆದು, ಬ್ಲೇಡಿನಿಂದ ಮೇಲಿನ ಸಾಲು ಕೆರೆದು ಮತ್ತೆ ಬರೆಯಬೇಕು. ಹಾಗಾಗಿ ಯಾರೂ ಬದಲಾಯಿಸುತ್ತಿರಲಿಲ್ಲ. ತಪ್ಪು ಅಂತ ಗೊತ್ತಿದ್ದರೂ ಬಿಡುತ್ತಿದ್ದೆವು. ಮಿನ್ನಿ ಸಿಯರ್ಸ್ ಅವರು 1923ರಲ್ಲಿ ಸಣ್ಣ ಲೈಬ್ರರಿಗಳಿಗೆ ಅಂತ ಮಾಡಿದ ಪಟ್ಟಿಯ ಒಂದು ಆವೃತ್ತಿ ಮೇಜಿನ ಮೇಲಿರುತ್ತಿತ್ತು. ಅಮೆರಿಕದ ಊರುಗಳಿಗೆ ಮಾಡಿದ ಪಟ್ಟಿ. ಅದರಲ್ಲಿ ನಮ್ಮ ಆಲೆಮನೆ ಎಲ್ಲಿಂದ ಬರಬೇಕು? ಹತ್ತಿರದ ಇಂಗ್ಲಿಷ್ ಪದ ನೋಡುವುದು, ಅದಕ್ಕೆ ಕನ್ನಡ ಮಾಡುವುದು. "ಶರ್ಕರ ತಂತ್ರಜ್ಞಾನ" ಹುಟ್ಟಿದ್ದು ಹೀಗೇ ಇರಬೇಕು.

ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರ ಒಂದು ಸೂತ್ರವನ್ನು ನಾನು ಕೊನೆಯವರೆಗೂ ಮರೆಯಲಿಲ್ಲ. ಓದುಗ ಯಾವ ಪದದಿಂದ ಹುಡುಕಿಕೊಂಡು ಬರುತ್ತಾನೋ ಅದೇ ಶೀರ್ಷಿಕೆಯಾಗಬೇಕು ಅನ್ನುವುದು. ಯಾರೂ ಹುಡುಕದ ಪದವನ್ನು ಎಷ್ಟು ಚೆಂದವಾಗಿ ಬರೆದಿಟ್ಟರೂ ಏನು ಬಂತು? ಅಮೆರಿಕದ ಗ್ರಂಥಪಾಲಕ ಕಟರ್ 1876ರಲ್ಲೇ ತನ್ನ ಕ್ಯಾಟಲಾಗ್ ನಿಯಮಗಳಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದ, ಜನರ ಬಳಕೆಯೇ ದೊಡ್ಡದು ಅಂತ. ಆದರೂ ಲೈಬ್ರರಿ ಆಫ್ ಕಾಂಗ್ರೆಸ್ ಅಡುಗೆ ಪುಸ್ತಕಗಳಿಗೆ "ಕುಕರಿ" ಅನ್ನುವ ಹಳೇ ಪದ ಬಿಟ್ಟು "ಕುಕಿಂಗ್" ಅಂತ ಮಾಡಿದ್ದು 2010ರಲ್ಲಿ. ಅಷ್ಟು ವರ್ಷ ಬೇಕಾಯಿತು.

ಆಲೆಮನೆಗೆ ನನ್ನ ಪೂರ್ತಿ ಒಪ್ಪಿಗೆ. ಕಾರಣ: ಕೌಂಟರಿನಲ್ಲಿ ನನ್ನನ್ನು ಅದೇ ಪದದಿಂದ ಎಷ್ಟೋ ಸಲ ಕೇಳಿದ್ದಾರೆ. "ಬೆಲ್ಲದ ತಯಾರಿಕೆ" ಅಂತ ಕೇಳಿದವರು ನೆನಪಿಲ್ಲ.

---

ಸಾಲುಮರ (ಮೈಸೂರು, ಸಾರ್ವಜನಿಕ ಗ್ರಂಥಾಲಯ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಪಟ್ಟಿ ಇವತ್ತು ಮೈಸೂರು ಮಂಡ್ಯಕ್ಕೆ ಇರಬಹುದು. ನಾಳೆ ಬೆಳಗಾವಿ, ಬಾಗಲಕೋಟೆಯ ಲೈಬ್ರರಿಗಳೂ ಸೇರಿದರೆ? ಆ ಕಡೆ ಬೆಲ್ಲದ ಗಾಣ ಅನ್ನುತ್ತಾರೆ. ಅವರಿಗೆ ಆಲೆಮನೆ ಅನ್ನುವುದು ದೂರದ ಪದ. ಎಲ್ಲರಿಗೂ ಅರ್ಥವಾಗುವ "ಬೆಲ್ಲ ತಯಾರಿಕೆ" ಇಟ್ಟರೆ ಯಾವ ಸೀಮೆಗೂ ಅನ್ಯಾಯ ಆಗುವುದಿಲ್ಲ. ಶೀರ್ಷಿಕೆ ಪಟ್ಟಿ ಅಂದರೆ ಎಲ್ಲರ ಮನೆ. ಒಂದು ಜಿಲ್ಲೆಯ ಮಾತು ಅದಕ್ಕೆ ಬಾಗಿಲಾಗಬಾರದು ಅಂತ ನನಗೆ ಅನಿಸುತ್ತದೆ.

---

ಕಬ್ಬಿನಗದ್ದೆ

ಸಾಲುಮರ ಅವರೇ, ಬೇಸರ ಯಾಕೆ? ನೀವು ಬರೆದಿದ್ದರಿಂದ ನಾನು ಎರಡು ದಿನ ಇದನ್ನೇ ಹುಡುಕಿದೆ.

ಮೊದಲನೆಯದು, ಆಲೆಮನೆ ಮಂಡ್ಯದ ಪದ ಮಾತ್ರ ಅಲ್ಲ. ಸಾಗರ, ಶಿರಸಿ ಕಡೆಯೂ ಆಲೆಮನೆ ಅಂತಲೇ ಅನ್ನುತ್ತಾರೆ. ಆ ಸೀಮೆಯ ಪುಸ್ತಕಗಳಲ್ಲೂ ಈ ಪದ ಸಿಗುತ್ತದೆ. ಎರಡನೆಯದು, "ಗಾಣ" ಅಂತ ಇಟ್ಟರೆ ಎಣ್ಣೆ ಗಾಣದ ಪುಸ್ತಕಗಳೂ ಬಂದು ಬೆರೆತುಕೊಳ್ಳುತ್ತವೆ. ಹಾಗಾಗಿ "ಬೆಲ್ಲದ ಗಾಣ" ಅನ್ನುವುದನ್ನು 450ರಲ್ಲಿ ಹಾಕೋಣ. ಬೆಳಗಾವಿಯವರು ಅವರ ಪದದಿಂದಲೇ ಹುಡುಕಲಿ, ಪುಸ್ತಕ ಸಿಗುತ್ತದೆ.

ಮೂರನೆಯದು ನನಗೆ ಮುಖ್ಯ. ಆಲೆಮನೆಯೂ ಬೆಲ್ಲ ತಯಾರಿಕೆಯೂ ಒಂದೇ ವಿಷಯ ಅಲ್ಲ. ಆ ಜನಪದದ ಪುಸ್ತಕವನ್ನೇ ತೆಗೆದುಕೊಳ್ಳಿ. ಅದರಲ್ಲಿ ಬೆಲ್ಲ ಮಾಡುವುದು ಹೇಗೆ ಅಂತ ಹೆಚ್ಚಿಗೆ ಏನೂ ಇಲ್ಲ. ಕೊಪ್ಪರಿಗೆಯ ಮುಂದೆ ಇಡೀ ರಾತ್ರಿ ಕೂರುವವರ ಕಥೆ ಇದೆ. ಬೆಂಕಿಗೆ ಸಿಪ್ಪೆ ಒಡ್ಡುವವನು, ಹಾಲು ಉಕ್ಕಿ ಬರುವಾಗ ಕೊಳೆ ತೆಗೆಯುವವನು, ಬೆಂಡೆ ಗಿಡದ ಲೋಳೆ ಬಿಟ್ಟು ಪಾಕ ತಿಳಿ ಮಾಡುವವನು, ಪಾಕದ ಹದ ನೋಡುವವನು. ಹದ ನೋಡುವವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ನಮ್ಮ ತಾತ ಹಾಗೇ ನೋಡುತ್ತಿದ್ದರು. ಒಂದು ನಿಮಿಷ ತಡವಾದರೆ ಬೆಲ್ಲ ಕಪ್ಪಗಾಗುತ್ತದೆ. ಬೇಗ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ. ಅಲ್ಲಿಗೆ ಬಂದ ಮಕ್ಕಳಿಗೆಲ್ಲ ಒಂದೊಂದು ಲೋಟ ಕಬ್ಬಿನ ಹಾಲು, ಬಿಸಿ ಬೆಲ್ಲ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೊಡುತ್ತಿದ್ದರು. ಇದು ಒಂದು ಜಾಗ, ಒಂದು ಬದುಕು. "ಬೆಲ್ಲ ತಯಾರಿಕೆ" ಅಂದರೆ ಬರೀ ಕೆಲಸ. ಎರಡೂ ಬೇರೆ ಬೇರೆ ಶೀರ್ಷಿಕೆಯಾಗಿ ಇರಲಿ, ಒಂದಕ್ಕೊಂದು "ಇದನ್ನೂ ನೋಡಿ" ಇರಲಿ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1930ರ ದಶಕದಲ್ಲಿ. ಅದರ ಬಗ್ಗೆ ಬಂದ ಪುಸ್ತಕಗಳು "ಸಕ್ಕರೆ ಉದ್ಯಮ"ದಲ್ಲೇ ಇರಲಿ, ಅದು ಸರಿಯಾಗಿದೆ. ಕಾರ್ಖಾನೆ ಬೇರೆ, ಆಲೆಮನೆ ಬೇರೆ. ಕಬ್ಬು ಯಾವುದಕ್ಕೆ ಹಾಕುವುದು ಅನ್ನುವುದೇ ನಮ್ಮ ಕಡೆ ಪ್ರತಿ ವರ್ಷದ ಮಾತು. ಎರಡನ್ನೂ ಒಂದೇ ಶೀರ್ಷಿಕೆಯಲ್ಲಿ ಸೇರಿಸಿದರೆ ಆ ವ್ಯತ್ಯಾಸವೇ ಕ್ಯಾಟಲಾಗಿನಲ್ಲಿ ಅಳಿಸಿಹೋಗುತ್ತದೆ.

---

ಸಾಲುಮರ

ಒಪ್ಪಿದೆ. ಎರಡು ಬೇರೆ ವಿಷಯ ಅನ್ನುವುದು ನನಗೆ ಹೊಳೆದಿರಲಿಲ್ಲ. "ಬೆಲ್ಲದ ಗಾಣ" 450ರಲ್ಲಿ ಇದ್ದರೆ ನನ್ನ ತಕರಾರು ಮುಗಿಯಿತು. 550ರಲ್ಲಿ "ಗ್ರಾಮೀಣ ಕೈಗಾರಿಕೆಗಳು" ಅನ್ನುವ ದೊಡ್ಡ ವಿಷಯ ಸೇರಿಸಿ.

---

ಕಬಿನಿದಂಡೆ (ಎಚ್.ಡಿ. ಕೋಟೆ ಕಡೆ, ಪಂಚಾಯಿತಿ ಗ್ರಂಥಾಲಯ)

ನಮ್ಮದು ಸಣ್ಣ ಲೈಬ್ರರಿ. ಈಗ ಅರಿವು ಕೇಂದ್ರ ಅಂತ ಬೋರ್ಡ್ ಇದೆ. ಅಥಾರಿಟಿ ದಾಖಲೆ ಎಲ್ಲ ನನಗೆ ಅಷ್ಟು ಗೊತ್ತಿಲ್ಲ. ಆದರೆ ಮೂರನೇ ಪ್ರಸ್ತಾವದ ಬಗ್ಗೆ ನಾನು ಬರೆಯಲೇಬೇಕು.

ನಮ್ಮಲ್ಲಿಗೆ ಜೇನುಕುರುಬರ ಹಾಡಿಯಿಂದ ಇಬ್ಬರು ಹುಡುಗರು ದಿನಾ ಬರುತ್ತಾರೆ. ಒಬ್ಬ ಪಿಯುಸಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಒಂದು ದಿನ ಅವನು ಕಪಾಟಿನಲ್ಲಿ ಬೆನ್ನಿಗೆ "ಗಿರಿಜನರು" ಅಂತ ಚೀಟಿ ಅಂಟಿಸಿದ್ದ ಆರು ಪುಸ್ತಕ ಒಂದೊಂದೇ ತೆಗೆದು ನೋಡಿದ. ಸೋಲಿಗರದ್ದು, ಯರವರದ್ದು, ಹಕ್ಕಿಪಿಕ್ಕಿಯವರದ್ದು. ಕೊನೆಯದು ಅವನ ಜನರದ್ದು. "ಸಾರ್, ಇದ್ರಲ್ಲಿ ನಮ್ದು ಯಾವ್ದು ಅಂತ ಗೊತ್ತಾಗಕ್ಕೆ ಎಲ್ಲಾನೂ ತೆಗಿಬೇಕಾ?" ಅಂದ. ಕೋಪದಿಂದ ಕೇಳಲಿಲ್ಲ. ಸುಮ್ನೆ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಬೇರೆ ಸಮುದಾಯದ ಪುಸ್ತಕ ಬಂದರೆ ಅವರ ಹೆಸರಿನಲ್ಲೇ ಶೀರ್ಷಿಕೆ ಕೊಡುತ್ತೇವೆ. ಕಾಡಿನವರು ಅಂದ ತಕ್ಷಣ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ. ಇದು ಸರಿಯಲ್ಲ.

ಇನ್ನೊಂದು ಎಚ್ಚರ. ಕರಡಿನಲ್ಲಿ 550ರ ಕೆಳಗೆ "ಕುರುಬರು" ಅಂತ ಹಾಕಿದ್ದೀರಿ, ಅಂದರೆ ಜೇನುಕುರುಬರು ಕುರುಬರ ಒಂದು ಭಾಗ ಅನ್ನುವ ಅರ್ಥ ಬರುತ್ತದೆ. ಹೆಸರಿನಲ್ಲಿ ಕುರುಬ ಇದೆ ಅಂತ ಹಾಗೆ ಮಾಡಬೇಡಿ. ಕುರಿ ಸಾಕುವ ಕುರುಬರು ಬೇರೆ, ಜೇನುಕುರುಬರು ಬೇರೆ. ಜೇನುಕುರುಬರು ಮತ್ತು ಕೊರಗರು ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಗುರುತಿಸಲಾದ ಎರಡು ಸಮುದಾಯಗಳು. ಕಾಡುಕುರುಬರು ಮತ್ತೆ ಬೇರೆ. ಅವರಿಗೂ ಪ್ರತ್ಯೇಕ ಶೀರ್ಷಿಕೆ ಬೇಕು.

---

ಗಂಗೋತ್ರಿ

ಕಬಿನಿದಂಡೆ ಅವರೇ, ಈ ಎಳೆಯಲ್ಲಿ ಬಂದ ಅತ್ಯಂತ ಬೆಲೆಯುಳ್ಳ ಅಭಿಪ್ರಾಯ ನಿಮ್ಮದು. 550ರ ತಪ್ಪು ನನ್ನದು, ಪದ ನೋಡಿ ಹಾಕಿದೆ. ಇವತ್ತೇ ತೆಗೆಯುತ್ತೇನೆ.

ಜನರ ಹೆಸರಿನ ಶೀರ್ಷಿಕೆಗಳಲ್ಲಿ ಕರಡಿನ ಹಂತ ಎಷ್ಟು ದೊಡ್ಡದು ಅನ್ನುವುದಕ್ಕೆ ಅಮೆರಿಕದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿನ ಪಟ್ಟಿಯಲ್ಲಿ ದಾಖಲೆ ಇಲ್ಲದೆ ನೆಲೆಸಿದ ವಲಸಿಗರಿಗೆ "ಇಲ್ಲೀಗಲ್ ಏಲಿಯನ್ಸ್" ಅನ್ನುವ ಶೀರ್ಷಿಕೆ ಇತ್ತು. ಡಾರ್ಟ್‌ಮೌತ್ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ನೋಡಿ ನೊಂದುಕೊಂಡರು. ಅಲ್ಲಿನ ಗ್ರಂಥಪಾಲಕರ ಜೊತೆ ಸೇರಿ 2014ರಲ್ಲಿ ಬದಲಾವಣೆಯ ಪ್ರಸ್ತಾವ ಕಳಿಸಿದರು. ಮೊದಲು ಲೈಬ್ರರಿ ಆಫ್ ಕಾಂಗ್ರೆಸ್‌ನವರು ಬೇಡ ಅಂದರು. ಬೇರೆ ಗ್ರಂಥಪಾಲಕರೂ ದನಿಗೂಡಿಸಿದ ಮೇಲೆ 2016ರಲ್ಲಿ ಬದಲಾಯಿಸುತ್ತೇವೆ ಅಂದರು. ಆಗ ಅಮೆರಿಕದ ಸಂಸತ್ತಿನಲ್ಲೇ ವಿರೋಧ ಎದ್ದಿತು, ಕೆಲಸ ನಿಂತುಹೋಯಿತು. ಕೊನೆಗೆ 2021ರ ನವೆಂಬರ್‌ನಲ್ಲಿ ಆ ಶೀರ್ಷಿಕೆ ಹೋಯಿತು. ಅದರ ಜಾಗಕ್ಕೆ "ನಾನ್‌ಸಿಟಿಜನ್ಸ್" ಮತ್ತು "ಇಲ್ಲೀಗಲ್ ಇಮಿಗ್ರೇಶನ್" ಅಂತ ಎರಡು ಬಂದವು. ಒಂದು ಶೀರ್ಷಿಕೆಗೆ ಏಳು ವರ್ಷ. ಅದಕ್ಕೂ ಬಹಳ ಮೊದಲು, 1971ರಲ್ಲೇ, ಸ್ಯಾನ್‌ಫೋರ್ಡ್ ಬರ್ಮನ್ ಅನ್ನುವ ಗ್ರಂಥಪಾಲಕರು ಆ ಪಟ್ಟಿಯಲ್ಲಿ ಜನರನ್ನು ನೋಯಿಸುವ ಪದಗಳನ್ನು ಒಂದೊಂದಾಗಿ ಎತ್ತಿ ಇಡೀ ಪುಸ್ತಕವನ್ನೇ ಬರೆದಿದ್ದರು.

ನಮ್ಮ ದೇಶದ ಜನರ ವಿಷಯವೂ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಯಲ್ಲಿದೆ. ಅಲ್ಲಿ ಈಗ "ದಲಿತ್ಸ್" ಅನ್ನುವುದೇ ಶೀರ್ಷಿಕೆ. ಹಳೆಯ ಪದಗಳು ಬರೀ "ನೋಡಿ" ಸೂಚನೆಯಾಗಿ ಹಿಂದೆ ಸರಿದಿವೆ. ತಮ್ಮನ್ನು ತಾವು ಕರೆದುಕೊಂಡ ಹೆಸರು ಮುಂದೆ ಬಂತು. ಜೇನುಕುರುಬರ ವಿಷಯದಲ್ಲೂ ನಮ್ಮ ಅಳತೆಗೋಲು ಅದೇ ಆಗಿರಲಿ. ಆ ಹುಡುಗನನ್ನು ಒಂದು ಮಾತು ಕೇಳಿ ನೋಡಿ. ಜಾಗ ಬಿಡದೆ "ಜೇನುಕುರುಬರು" ಸರಿಯೋ, ಅವರ ಮಾತಿನಲ್ಲಿ ಬೇರೆ ರೂಪ ಇದೆಯೋ?

---

ಕಬಿನಿದಂಡೆ

ಕೇಳಿದೆ. ಹಾಡಿಯ ಹಿರಿಯರನ್ನೂ ಕೇಳಿಕೊಂಡು ಬಂದ. "ಜೇನುಕುರುಬರು ಅಂತಾನೇ ಹಾಕಿ, ಸೇರಿಸಿ ಬರೀರಿ" ಅಂದ. ಇನ್ನೊಂದು ಮಾತು ಅವನೇ ಹೇಳಿದ್ದು. ಆ ಪುಸ್ತಕ ಅವರ ಹಾಡು ಕುಣಿತದ ಬಗ್ಗೆ ಅಂತ ನಾವು ಹಾಕಿದ್ದೇವೆ. ಅದರ ಎರಡನೇ ಅರ್ಧ ಪೂರ್ತಿ ಕಾಡಿನಿಂದ ಹೊರಗೆ ಬಂದದ್ದು, ಅಣೆಕಟ್ಟು, ರಾಷ್ಟ್ರೀಯ ಉದ್ಯಾನ, ಹೊಸ ಜಾಗದಲ್ಲಿ ಕೊಟ್ಟ ಮನೆ, ಇದರ ಬಗ್ಗೆ ಇದೆ. "ಅದನ್ನ ಯಾಕೆ ಬರೆದಿಲ್ಲ ಸಾರ್?" ಅಂದ. "ಜೇನುಕುರುಬರು, ಪುನರ್ವಸತಿ" ಅಂತ ಉಪಶೀರ್ಷಿಕೆ ಸೇರಿಸಬಹುದಾ?

---

ಗಂಗೋತ್ರಿ

ಖಂಡಿತ ಸೇರಿಸಬೇಕು. ಪುಸ್ತಕದ ಪುಟ ಸಂಖ್ಯೆ ಕಳಿಸಿ, 670ರಲ್ಲಿ ಹಾಕುತ್ತೇನೆ.

---

ಹೊಸಹೆಜ್ಜೆ

ಇನ್ನೊಂದು ಸಣ್ಣ ಪ್ರಶ್ನೆ. "ಮೈಸೂರು ರಾಜ್ಯ" ಅನ್ನುವ ಶೀರ್ಷಿಕೆಯನ್ನು ತೆಗೆದು ಎಲ್ಲವನ್ನೂ "ಕರ್ನಾಟಕ" ಮಾಡಬೇಕು ಅಂತ ನಾನು ಪ್ರಸ್ತಾವ ಬರೆಯುತ್ತಿದ್ದೇನೆ. ಸರಿ ಅಲ್ವಾ?

---

ಕಾರ್ಡ್‌ಪೆಟ್ಟಿಗೆ

ಅರ್ಧ ಸರಿ. 1973ರ ನವೆಂಬರ್ 1ರಂದು ಆಗಿದ್ದು ಹೆಸರಿನ ಬದಲಾವಣೆ ಮಾತ್ರ, ನೆಲ ಅದೇ. ಹಾಗಾಗಿ 1956ರಿಂದ 1973ರವರೆಗಿನ ಮೈಸೂರು ರಾಜ್ಯದ ಪುಸ್ತಕವನ್ನು "ಕರ್ನಾಟಕ" ಅಂತ ಮಾಡಿ, ಹಳೇ ಹೆಸರಿನಿಂದ "ನೋಡಿ" ಕೊಡಿ. ಆದರೆ 1956ರಲ್ಲಿ ನೆಲವೇ ಬದಲಾಯಿತು. ಒಡೆಯರ ಕಾಲದ ಆಡಳಿತದ ವರದಿಯನ್ನು "ಕರ್ನಾಟಕ"ದ ಕೆಳಗೆ ಹಾಕಿದರೆ ಧಾರವಾಡ, ಕಲಬುರಗಿಯೂ ಅದರಲ್ಲಿವೆ ಅಂತ ಓದುಗ ತಿಳಿಯುತ್ತಾನೆ. ಅದಕ್ಕೆ "ಮೈಸೂರು ಸಂಸ್ಥಾನ" ಪ್ರತ್ಯೇಕವಾಗಿಯೇ ಉಳಿಯಬೇಕು.

ಹಾಗೆಯೇ ಮಂಡ್ಯ ಜಿಲ್ಲೆಯಾಗಿದ್ದು 1939ರಲ್ಲಿ. ಅದಕ್ಕೂ ಮೊದಲಿನ ವರದಿಗಳಲ್ಲಿ ಮದ್ದೂರು, ನಾಗಮಂಗಲ ಎಲ್ಲ ಮೈಸೂರು ಜಿಲ್ಲೆಯ ಒಳಗೇ ಇರುತ್ತವೆ. ಇಸವಿ ನೋಡದೆ ಶೀರ್ಷಿಕೆ ಕೊಡಬೇಡಿ. ಇನ್ನು 2014ರಲ್ಲಿ ಮೈಸೂರಿನ ಹೆಸರು ಬದಲಾಗಿದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅದು ಯಾವತ್ತೂ ಮೈಸೂರೇ. ಅದನ್ನು ಮುಟ್ಟುವುದೇ ಬೇಡ.

---

ಮಳವಳ್ಳಿಸೀಮೆ (ಮಂಡ್ಯ ಜಿಲ್ಲೆ, ಪ್ರೌಢಶಾಲೆ ಗ್ರಂಥಾಲಯದ ಉಸ್ತುವಾರಿ)

ನೀಲಗಾರರ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಬೊಪ್ಪೇಗೌಡನಪುರದ ಹತ್ತಿರದವನು. ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆಗೆ ಚಿಕ್ಕಂದಿನಿಂದ ಹೋಗಿದ್ದೇನೆ, ಚಂದ್ರಮಂಡಲ ಹತ್ತಿಸುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ.

ಕರಡಿನಲ್ಲಿ "ನೀಲಗಾರರು" ಅನ್ನುವುದಕ್ಕೆ ದೊಡ್ಡ ವಿಷಯವಾಗಿ "ಜನಪದ ಗಾಯಕರು" ಅಂತ ಮಾತ್ರ ಕೊಟ್ಟಿದ್ದೀರಿ. ಅದು ಸಾಲದು. ನೀಲಗಾರರು ಹಾಡುತ್ತಾರೆ, ನಿಜ. ಆದರೆ ಹಾಡು ಕಲಿತವರೆಲ್ಲ ನೀಲಗಾರರಲ್ಲ. ದೀಕ್ಷೆ ಆಗಬೇಕು. ಮಂಟೇಸ್ವಾಮಿಯ ಒಕ್ಕಲು ಅವರು. ತಂಬೂರಿ ಹಿಡಿದು ಕೂತರೆ ಅದು ಕಛೇರಿ ಅಲ್ಲ, ಸೇವೆ. ಅವರನ್ನು ಬರೀ ಗಾಯಕರು ಅಂದರೆ ಮನಸ್ಸಿಗೆ ಒಪ್ಪುವುದಿಲ್ಲ.

ಇನ್ನೊಂದು, ಕರಡಿನ 450ರಲ್ಲಿ "ಕಂಸಾಳೆಯವರು" ಅಂತ ಸೇರಿಸಿದ್ದೀರಿ. ಅದನ್ನು ತೆಗೆಯಲೇಬೇಕು. ಕಂಸಾಳೆ ಹಿಡಿಯುವವರು ಮಾದೇಶ್ವರನ ಗುಡ್ಡರು, ದೇವರಗುಡ್ಡರು ಅನ್ನುತ್ತೇವೆ. ಅವರ ದೇವರು ಬೇರೆ, ವಾದ್ಯ ಬೇರೆ, ಕಾವ್ಯವೇ ಬೇರೆ. ಎರಡನ್ನೂ ಒಂದೇ ಅಂದರೆ ಎರಡು ದೊಡ್ಡ ಕಾವ್ಯಗಳನ್ನು ಕಲಸಿದ ಹಾಗಾಗುತ್ತದೆ.

---

ಕಬ್ಬಿನಗದ್ದೆ

ಮಳವಳ್ಳಿಸೀಮೆ ಅವರೇ, ಇಂಥ ಮಾತಿಗೇ ನಾವು ಎರಡು ವಾರ ಕಾಯುವುದು. ಅದಿಲ್ಲದಿದ್ದರೆ ಈ ತಪ್ಪು ಹಾಗೇ ಎಲ್ಲರ ಕ್ಯಾಟಲಾಗಿಗೂ ಹೋಗಿಬಿಡುತ್ತಿತ್ತು. ನೀವು ಹೇಳಿದ ದೀಕ್ಷೆಯ ವಿಷಯ ಯಾವುದಾದರೂ ಪುಸ್ತಕದಲ್ಲಿ ಇದೆಯಾ? ನಿಮ್ಮ ಮಾತು ನಂಬುತ್ತೇವೆ. ಆದರೆ ನಾವೆಲ್ಲ ಇಲ್ಲದ ಕಾಲದಲ್ಲಿ ಈ ದಾಖಲೆ ನೋಡುವವರಿಗೆ ಆಧಾರ ಬೇಕಲ್ವಾ.

---

ಕಬ್ಬಿನಗದ್ದೆ (ಹದಿನೈದನೇ ದಿನ)

ತೀರ್ಮಾನಗಳು.

ಆಲೆಮನೆಗಳು: ಒಪ್ಪಲಾಗಿದೆ. 450ರಲ್ಲಿ ಬೆಲ್ಲದ ಗಾಣ. "ಶರ್ಕರ ತಂತ್ರಜ್ಞಾನ" ಇನ್ನು ಮುಂದೆ ಶೀರ್ಷಿಕೆಯಾಗಿ ಇರುವುದಿಲ್ಲ, "ಬೆಲ್ಲ ತಯಾರಿಕೆ"ಗೆ "ನೋಡಿ" ಆಗುತ್ತದೆ. 550ರಲ್ಲಿ ಗ್ರಾಮೀಣ ಕೈಗಾರಿಕೆಗಳು. ಬೆಲ್ಲ ತಯಾರಿಕೆ, ಸಕ್ಕರೆ ಉದ್ಯಮ ಎರಡಕ್ಕೂ "ಇದನ್ನೂ ನೋಡಿ".

ಜೇನುಕುರುಬರು: ತಿದ್ದಿ ಒಪ್ಪಲಾಗಿದೆ. "ಕುರುಬರು" ತೆಗೆಯಲಾಗಿದೆ, ಪುನರ್ವಸತಿ ಸೇರಿದೆ. ಕಾಡುಕುರುಬರು, ಸೋಲಿಗರು, ಯರವರು, ಹಕ್ಕಿಪಿಕ್ಕಿಗಳಿಗೆ ಮುಂದಿನ ಪಟ್ಟಿಯಲ್ಲಿ ಪ್ರತ್ಯೇಕ ಪ್ರಸ್ತಾವ. "ಗಿರಿಜನರು" ಅನ್ನುವುದನ್ನು ಎಲ್ಲರ ಬಗ್ಗೆ ಒಟ್ಟಾಗಿ ಬರೆದ ಪುಸ್ತಕಗಳಿಗೆ ಮಾತ್ರ ಬಳಸಿ.

ನೀಲಗಾರರು: ಈ ಸಲ ಇಲ್ಲ, ಮುಂದಿನ ಪಟ್ಟಿಗೆ. ಪದ ಸರಿಯಾಗಿಯೇ ಇದೆ. 550ರಲ್ಲಿ "ಮಂಟೇಸ್ವಾಮಿ ಪರಂಪರೆ" ಬೇಕು, ಅದು ನಮ್ಮ ಪಟ್ಟಿಯಲ್ಲಿ ಇನ್ನೂ ಇಲ್ಲ. ಅದನ್ನು ಮೊದಲು ಮಾಡಬೇಕು, ಐದೂ ಹೆಸರುಗಳ "ನೋಡಿ" ಸಮೇತ. ದೇವರಗುಡ್ಡರಿಗೂ ಒಂದು ಪ್ರಸ್ತಾವ ಬರಲಿ. ಯಾರು ಬರೆಯುತ್ತೀರಿ?

ನಮ್ಮ ನಾಲ್ಕು ಪುಸ್ತಕಕ್ಕೆ ಇವತ್ತು ಬೆಳಿಗ್ಗೆ 650ರಲ್ಲಿ, ಅಂದರೆ ಪುಸ್ತಕದ ದಾಖಲೆಯಲ್ಲಿ ವಿಷಯ ಬರೆಯುವ ಜಾಗದಲ್ಲಿ, ಹೊಸ ಶೀರ್ಷಿಕೆ ಹಾಕಿದೆ. ಆ ಹುಡುಗಿಗೆ ಹೇಳಿ ಕಳಿಸಿದೆ, ಮಧ್ಯಾಹ್ನ ಬಂದು ಅವಳೇ ಟೈಪ್ ಮಾಡಿದಳು. ನಾಲ್ಕೂ ಬಂದವು. ಮೂರು ತೆಗೆದುಕೊಂಡು ಹೋದಳು. ನಾಲ್ಕನೆಯದು ಬೇರೆಯವರ ಹತ್ತಿರ ಇದೆ, ಕಾಯ್ದಿರಿಸಿದ್ದಾಳೆ.

---

ಮಳವಳ್ಳಿಸೀಮೆ

ದೇವರಗುಡ್ಡರದ್ದು ನಾನು ಬರೆಯುತ್ತೇನೆ. ಪ್ರಸ್ತಾವ ಬರೆದು ಅಭ್ಯಾಸ ಇಲ್ಲ, ಗಂಗೋತ್ರಿ ಅವರು ಒಂದು ಸಲ ನೋಡಿಕೊಡಬೇಕು. ನೀಲಗಾರ ದೀಕ್ಷೆಯ ವಿವರ ಇರುವ ಪುಸ್ತಕ ನಮ್ಮ ಶಾಲೆಯ ಬೀರುವಿನಲ್ಲೇ ಇತ್ತು. ಹೆಸರಿನ ಪುಟ ಮತ್ತು ಆ ಎರಡು ಪುಟಗಳ ಫೋಟೋ ನಾಳೆ ಹಾಕುತ್ತೇನೆ.

---

ಗಂಗೋತ್ರಿ

ಕಳಿಸಿ, ಕೂತು ನೋಡೋಣ. ಪುಟದ ಸಂಖ್ಯೆ ಫೋಟೋದಲ್ಲಿ ಕಾಣುವ ಹಾಗೆ ತೆಗೆಯಿರಿ.